ಹಳೆಯ ಪೇಟೆಯೂ ಹೊಸ ನಗರವೂ

ಹಿರಿಯರು ಕಟ್ಟಿದ ಮನೆಯಲ್ಲಿ ಮೂರು ತಲೆಮಾರುಗಳು ಬಾಳಿದ ಮೇಲೆ ನಾಲ್ಕನೆಯ ತಲೆಮಾರಿನ ಮುಂದೆ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ. ಮಾಳಿಗೆ ಸೋರುತ್ತಿದೆ, ತೊಲೆಗೆ ಗೆದ್ದಲು ಹತ್ತಿದೆ, ಸೊಸೆಗೆ ಅಡುಗೆಮನೆ ಸಾಲದು, ಮೊಮ್ಮಗನಿಗೆ ಓದಲು ಕೋಣೆಯಿಲ್ಲ. ಕೆಡವಿ ಹೊಸದಾಗಿ ಕಟ್ಟೋಣವೆಂದು ಮಗ ಹೇಳುತ್ತಾನೆ. ನಾನಿರುವ ತನಕ ಈ ಪಡಸಾಲೆಗೆ ಯಾರೂ ಹಾರೆ ಹಾಕಕೂಡದೆಂದು ತಾಯಿ ಹೇಳುತ್ತಾಳೆ. ಮಗನ ಮಾತೂ ಸುಳ್ಳಲ್ಲ, ತಾಯಿಯ ಮಾತೂ ಸುಳ್ಳಲ್ಲ. ನಮ್ಮಲ್ಲಿ ಅನೇಕ ಮನೆಗಳು ಈ ಮಾತುಕತೆಯನ್ನು ಕಂಡಿವೆ. ಇನ್ನು ಕೆಲವು ಕಾಣಲಿವೆ.

ಒಂದು ಮನೆಗೆ ಬರುವ ಈ ಪ್ರಶ್ನೆ ಒಂದು ಊರಿಗೂ ಬರುತ್ತದೆ. ಊರು ಬೆಳೆಯಬೇಕು, ವ್ಯಾಪಾರ, ವಾಹನ, ಜನಸಂಖ್ಯೆ ಹೆಚ್ಚಿದಂತೆ ಅದಕ್ಕೆ ತಕ್ಕ ಕಟ್ಟಡಗಳು ಬೇಕು. ಆದರೆ ಊರಿನ ನಡುವೆಯೇ ಅದರ ಹಳೆಯ ಪೇಟೆ ಇರುತ್ತದೆ. ಹೊಸದಕ್ಕೆ ಎಡೆ ಬೇಕಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಆ ಹಳೆಯ ಪೇಟೆಯ ಮೇಲೆಯೇ. ಈ ಧರ್ಮಸಂಕಟ ಎಷ್ಟು ಕಠಿಣವೆಂಬುದನ್ನು ತಿಳಿಯಲು ದೂರದ ದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಕಟ್ಟಡಗಳ ಕಥೆಯನ್ನು ಅರಿತರೆ ಸಾಕು.

ನೆನಪಿನ ಪೇಟೆ

ನಾನು ವ್ಯಾಸಂಗಕ್ಕೆಂದು ಮೈಸೂರಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ. ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ವಾಸ. ಸೋಮವಾರ ನಸುಕಿನಲ್ಲಿ ಪೂಜೆಗೆ ಹೂವು, ಪತ್ರೆ, ಬಾಳೆಹಣ್ಣು ತರಲು ಭಂಡಾರಿಗಳೊಡನೆ ನಮ್ಮಲ್ಲಿ ಇಬ್ಬರು ಹುಡುಗರು ಹೋಗಬೇಕಾಗಿತ್ತು. ಚಿಕ್ಕ ಗಡಿಯಾರದ ಬಳಿಯ ಬಾಗಿಲಿನಿಂದ ಮಾರುಕಟ್ಟೆಯ ಒಳಹೊಕ್ಕರೆ ಮೊದಲು ಎದುರಾಗುತ್ತಿದ್ದುದು ಮಲ್ಲಿಗೆಯ ಪರಿಮಳ. ಆಮೇಲೆ ವೀಳ್ಯದೆಲೆ, ಅರಿಸಿನ ಕುಂಕುಮದ ಗೋಪುರಗಳು, ಬಾಳೆಗೊನೆಗಳ ಸಾಲು. ಭಂಡಾರಿಗಳು ಒಬ್ಬ ಹೂವಾಡಗಿತ್ತಿಯ ಬಳಿ ಮಾತ್ರ ಚೌಕಾಸಿ ಮಾಡುತ್ತಿರಲಿಲ್ಲ. ಏಕೆಂದು ಕೇಳಿದೆ. “ಆಕೆಯ ತಾಯಿಯೂ ನಮಗೆ ಹೂವು ಕೊಟ್ಟವಳಪ್ಪಾ, ಅಳತೆಯಲ್ಲಿ ಒಂದು ದಿನವೂ ತಪ್ಪಿಲ್ಲ” ಎಂದರು. ಮಾರುಕಟ್ಟೆಯೆಂದರೆ ನಂಬಿಕೆಯ ಮನೆಯೆಂಬ ಮೊದಲ ಪಾಠ ನನಗೆ ದೊರೆತದ್ದು ಅಲ್ಲಿ.

ಬಿಡುವಿನ ಸಂಜೆಗಳಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಹಳೆಯ ಪುಸ್ತಕದ ಅಂಗಡಿಗಳ ಮುಂದೆ ನಿಲ್ಲುತ್ತಿದ್ದೆವು. ಹೊಸ ಪುಸ್ತಕ ಕೊಳ್ಳಲಾರದ ವಿದ್ಯಾರ್ಥಿಗಳಿಗೆ ಆ ಕಮಾನುಗಳ ನೆರಳೇ ಗ್ರಂಥಾಲಯ. ಅಲ್ಲಿ ನಾಲ್ಕು ರೂಪಾಯಿಗೆ ಕೊಂಡ ಒಂದು ವ್ಯಾಕರಣ ಗ್ರಂಥ ಇಂದಿಗೂ ನನ್ನ ಬಳಿ ಇದೆ. ಹಿಂದೆ ಓದಿದವರು ಅಂಚಿನಲ್ಲಿ ಸೀಸದಕಡ್ಡಿಯಿಂದ ಬರೆದಿಟ್ಟ ಟಿಪ್ಪಣಿಗಳು ನನಗೆ ಗುರುಗಳಷ್ಟೇ ನೆರವಾದವು.

ಹಳೆಯದೂ ಒಮ್ಮೆ ಹೊಸದಾಗಿತ್ತು

ಆದರೆ ನೆನಪಿನ ಬಲದಿಂದಲೇ ವಾದ ಹೂಡುವುದು ಸರಿಯಲ್ಲ. ಈ ಪೇಟೆಯೂ ಒಂದು ಕಾಲದಲ್ಲಿ ಹೊಸ ಅಭಿವೃದ್ಧಿಯೇ ಆಗಿತ್ತೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಇಂದಿನ ಸಯ್ಯಾಜಿರಾವ್ ರಸ್ತೆ ಇರುವೆಡೆಯಲ್ಲಿ ಹಿಂದೆ ಪೂರ್ಣಯ್ಯನವರ ನಾಲೆಯೆಂಬ ದೊಡ್ಡ ಕಂದಕವಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಮುಚ್ಚಿ ವಿಶಾಲವಾದ ರಸ್ತೆ ಮಾಡಿದರು. ರಸ್ತೆಯ ಅಂಚಿಗೆ ಒಂದೇ ಮಾದರಿಯ ಮಳಿಗೆಗಳನ್ನು ಕಟ್ಟಿದರು. ಮಾರುಕಟ್ಟೆ ಬೆಳೆದದ್ದು ಅಲ್ಲಿ. ಅದರ ಮುಂದಿನ ಚಿಕ್ಕ ಗಡಿಯಾರ 1886ರಲ್ಲಿ ವೈಸರಾಯ್ ಡಫರಿನ್ ಪ್ರಭುವಿನ ಭೇಟಿಯ ನೆನಪಿಗೆ ಎದ್ದದ್ದು. ಲ್ಯಾನ್ಸ್‌ಡೌನ್ ಕಟ್ಟಡ 1892ರಲ್ಲಿ ಇನ್ನೊಬ್ಬ ವೈಸರಾಯಿಯ ಭೇಟಿಯ ನೆನಪಿಗೆ. ದೊಡ್ಡ ಗಡಿಯಾರ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ನೆನಪಿಗೆ.

ಅರಮನೆಯ ಕಥೆಯೂ ಹೀಗೆಯೇ. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಅದೇ ಸ್ಥಳದಲ್ಲಿ ಹೆನ್ರಿ ಇರ್ವಿನ್ನರ ನಕ್ಷೆಯಂತೆ ಕಲ್ಲು ಕಬ್ಬಿಣಗಳ ಹೊಸ ಅರಮನೆ 1912ರ ಹೊತ್ತಿಗೆ ಎದ್ದು ನಿಂತಿತು. ಬೆಂಕಿಗೆ ಬೇಗ ತುತ್ತಾಗದಂಥ ಸಾಮಗ್ರಿಗಳಿಂದ ಕಟ್ಟಿದರು. ಸ್ಥಾನವನ್ನು, ಗಾಂಭೀರ್ಯವನ್ನು ಬಿಡಲಿಲ್ಲ. ಆದ್ದರಿಂದ ಬದಲಾವಣೆಯೇ ಪಾಪವೆಂಬ ಮಾತು ಮೈಸೂರಿನ ಚರಿತ್ರೆಗೆ ಒಪ್ಪುವುದಿಲ್ಲ. ಯಾವ ಬದಲಾವಣೆ, ಯಾವ ಅಳತೆಯಲ್ಲಿ, ಯಾರ ಹಿತಕ್ಕೆ ಎಂಬುದೇ ವಿಚಾರ.

ಕುಸಿದ ಗೋಡೆಗಳು

2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳನ್ನು ತೆರವು ಮಾಡಿಸಿದರು. ಆ ಮೇಲೆ ಹತ್ತು ವರ್ಷ ಕಳೆದರೂ ಕಟ್ಟಡದ ಬಾಗಿಲು ತೆರೆಯಲಿಲ್ಲ. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರ ಭಾಗದ ಒಂದಂಶ ಉರುಳಿತು. ದುರಸ್ತಿ ಕಾರ್ಯ ನಡೆಯುತ್ತಿದ್ದ ಕಾಲದಲ್ಲಿಯೇ ಹೀಗಾಯಿತು; ಜೀವಹಾನಿಯಾಗದೆ ಉಳಿದದ್ದು ಪುಣ್ಯ. 2022ರ ಅಕ್ಟೋಬರಿನಲ್ಲಿ ಅದೇ ನಗರದ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಪ್ರಯೋಗಶಾಲೆಯ ಭಾಗ ಬಿದ್ದಿತು.

ಅಂದಿನಿಂದ ಎರಡು ಪಕ್ಷಗಳು. ಕಟ್ಟಡಗಳು ಜೀರ್ಣವಾಗಿವೆ, ದುರಸ್ತಿಗೆ ನಿಲ್ಲುವಂತಿಲ್ಲ, ಕೆಡವಿ ಅದೇ ಮಾದರಿಯಲ್ಲಿ ಹೊಸದಾಗಿ ಕಟ್ಟೋಣವೆಂದು ಒಂದು ಪಕ್ಷ. ಗೋಡೆಗಳು ಇನ್ನೂ ಗಟ್ಟಿಯಾಗಿವೆ, ಬಿದ್ದ ಭಾಗವನ್ನು ಸುಣ್ಣದ ಗಾರೆಯಿಂದಲೇ ಕಟ್ಟಿ ಉಳಿದುದನ್ನು ಬಲಪಡಿಸಬಹುದೆಂದು ಪರಂಪರೆಯ ತಜ್ಞರ ಪಕ್ಷ. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2023ರಲ್ಲಿ ಕರ್ನಾಟಕ ಹೈಕೋರ್ಟು ಕೆಡವಿ ಕಟ್ಟುವ ಸರ್ಕಾರದ ನಿಲುವಿನ ಪರವಾಗಿ ತೀರ್ಪಿತ್ತಿತು. ಆದರೂ ಜನಮನದಲ್ಲಿ ಚರ್ಚೆ ಮುಗಿಯಲಿಲ್ಲ.

ಕೆಡವಬೇಕೆನ್ನುವವರನ್ನು ಪರಂಪರೆಯ ವೈರಿಗಳೆಂದು ನಿಂದಿಸುವುದು ಸುಲಭ. ಆದರೆ ನಾಲ್ಕು ಮನೆಗಳ ದೀಪ ಆರಿದ ಮೇಲೆ ಐದನೆಯ ಮನೆಯ ಬಗೆಗೆ ಹೆದರುವ ಅಧಿಕಾರಿಯ ಮನಸ್ಸನ್ನೂ ನಾವು ಅರಿಯಬೇಕು. ಗಿರಾಕಿಯ ತಲೆಯ ಮೇಲೆ ಕಲ್ಲು ಬೀಳಬಹುದಾದ ಸೂರಿನ ಕೆಳಗೆ ಸೌಂದರ್ಯದ ಮಾತು ಸಲ್ಲದು. ಮನುಷ್ಯನ ಪ್ರಾಣ ಯಾವ ಕಮಾನಿಗಿಂತಲೂ ದೊಡ್ಡದು. ಹಾಗೆಂದು ಪ್ರಾಣಭಯವನ್ನು ಮುಂದಿಟ್ಟು ವಿಚಾರವನ್ನೇ ಮುಗಿಸಿಬಿಡುವುದೂ ನ್ಯಾಯವಲ್ಲ. ಬಿದ್ದದ್ದೇಕೆ ಎಂದು ಕೇಳದೆ ಕೆಡವಿದರೆ, ನಾಳೆ ಕಟ್ಟುವ ಹೊಸದೂ ಅದೇ ಕಾರಣದಿಂದ ಬೀಳುತ್ತದೆ.

ಬೀಳುವುದೇಕೆ?

ಹಿಂದಿನವರು ಕಟ್ಟಿದ ಬಗೆಯನ್ನು ಸ್ವಲ್ಪ ತಿಳಿದರೆ ಉತ್ತರ ಹೊಳೆಯುತ್ತದೆ. ಆ ಕಾಲದ ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಸುಣ್ಣಕ್ಕೆ ಮರಳನ್ನೋ ಇಟ್ಟಿಗೆಯ ಪುಡಿಯನ್ನೋ ಬೆರೆಸಿ, ಗಾಣದಲ್ಲಿ ಅರೆದು, ಹದಬಂದ ಮೇಲೆ ಬಳಸುತ್ತಿದ್ದರು. ಸುಣ್ಣದ ಗೋಡೆ ಉಸಿರಾಡುತ್ತದೆಂದು ಕುಶಲಿಗಳು ಹೇಳುವುದುಂಟು. ಮಳೆಗಾಲದಲ್ಲಿ ಹೀರಿದ ತೇವವನ್ನು ಅದು ಬಿಸಿಲಿನಲ್ಲಿ ಹೊರಬಿಡುತ್ತದೆ. ನೆಲ ಸ್ವಲ್ಪ ಅಲುಗಿದರೆ ತಾನೂ ಸ್ವಲ್ಪ ಬಾಗಿ ಹೊಂದಿಕೊಳ್ಳುತ್ತದೆ.

ಮೇಲ್ಛಾವಣಿ ಅನೇಕ ಕಡೆ ಮದರಾಸು ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ ಜಂತೆಗಳನ್ನಿಟ್ಟು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದಿಂದ ಬೆಸೆದು, ಮೇಲೆ ಇಟ್ಟಿಗೆಚೂರು ಸುಣ್ಣಗಳ ಹಾಸು ಹಾಕುತ್ತಿದ್ದರು. ಇಂಥ ತಾರಸಿ ನೂರು ವರ್ಷ ಬಾಳುತ್ತದೆ. ಆದರೆ ಅದಕ್ಕೆ ಒಂದು ನಿಯಮವಿದೆ: ನೀರು ನಿಲ್ಲಕೂಡದು. ನೀರು ಹರಿದುಹೋಗುವ ದೋಣಿಯಲ್ಲಿ ಕಸ ಕಟ್ಟಿದರೆ, ಬಿರುಕಿನಲ್ಲಿ ಒಂದು ಅರಳಿ ಸಸಿ ಬೇರೂರಿದರೆ ನೀರು ಒಳಗೆ ಇಳಿಯುತ್ತದೆ. ಅದು ಮೊದಲು ಕೆಡಿಸುವುದು ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯನ್ನು. ಹೊರಗಿನಿಂದ ನೋಡಿದರೆ ಏನೂ ಕಾಣದು. ಒಂದು ದಿನ ತುದಿ ಕಳಚುತ್ತದೆ, ಛಾವಣಿ ಇಳಿಯುತ್ತದೆ.

ಇದಕ್ಕೆ ನಮ್ಮ ಕಾಲದವರು ಇನ್ನೊಂದು ತಪ್ಪನ್ನು ಸೇರಿಸಿದರು. ಸುಣ್ಣದ ಗೋಡೆಗೆ ಸಿಮೆಂಟು ಬಳಿದರು. ಸಿಮೆಂಟು ಗಡುಸು, ಅದು ತೇವವನ್ನು ಹೊರಗೆ ಬಿಡದೆ ಒಳಗೇ ಕಟ್ಟಿಹಾಕುತ್ತದೆ. ಮೇಲೆ ನುಣುಪು, ಒಳಗೆ ಕೊಳೆತ. ಮಳಿಗೆ ದೊಡ್ಡದಾಗಲೆಂದು ಭಾರ ಹೊತ್ತ ಗೋಡೆಯನ್ನೇ ಒಡೆಯುವುದು, ಸರಕಿಗೆಂದು ಅಟ್ಟ ಕಟ್ಟುವುದು, ತಾರಸಿಯ ಮೇಲೆ ನೀರಿನ ತೊಟ್ಟಿ ಇಡುವುದು, ಇವೆಲ್ಲ ಹಳೆಯ ಪೇಟೆಗಳಲ್ಲಿ ನಿತ್ಯ ಕಾಣುವ ನೋಟಗಳು. ಕಡಿಮೆ ಬಾಡಿಗೆಯಿಂದ ದುರಸ್ತಿಗೆ ಹಣ ಹುಟ್ಟದೆಂದು ಒಡೆತನವುಳ್ಳ ಆಡಳಿತ ಹೇಳುತ್ತದೆ. ದುರಸ್ತಿಯಾಗದ ಮಳಿಗೆಗೆ ಹೆಚ್ಚು ಬಾಡಿಗೆ ಏಕೆಂದು ಬಾಡಿಗೆದಾರ ಕೇಳುತ್ತಾನೆ. ಈ ಜಗ್ಗಾಟದ ನಡುವೆ ಮಳೆಗಾಲಗಳು ಒಂದಾದ ಮೇಲೊಂದು ಬಂದುಹೋಗುತ್ತವೆ.

ಆದುದರಿಂದ ನನ್ನ ತಿಳಿವಿನಲ್ಲಿ, ಕೆಡವುವುದೋ ಉಳಿಸುವುದೋ ಎಂಬುದು ಮೂಲ ಪ್ರಶ್ನೆಯಲ್ಲ. ಅದು ಬಹುಕಾಲದ ಅಲಕ್ಷ್ಯದ ಕೊನೆಯಲ್ಲಿ ಬಂದು ನಿಲ್ಲುವ ಪ್ರಶ್ನೆ. ವರ್ಷಕ್ಕೊಮ್ಮೆ ಮಳೆಗೆ ಮುನ್ನ ತಾರಸಿಯನ್ನು ಹತ್ತಿ ನೋಡಿದ ಊರಿಗೆ ಇಂಥ ಸಂಕಟ ಅಪರೂಪ. ನೋಡದ ಊರಿಗೆ ಎರಡು ಕೆಟ್ಟ ದಾರಿಗಳ ನಡುವೆ ಆರಿಸಿಕೊಳ್ಳುವುದಷ್ಟೇ ಉಳಿಯುತ್ತದೆ.

ಪೇಟೆಯೆಂದರೆ ಗೋಡೆಯಷ್ಟೇ ಅಲ್ಲ

ದೇವರಾಜ ಮಾರುಕಟ್ಟೆಯಲ್ಲಿ ಇದ್ದ ಮಳಿಗೆಗಳು ಎಂಟುನೂರಕ್ಕೂ ಹೆಚ್ಚು. ಒಂದೊಂದು ಮಳಿಗೆಯ ಹಿಂದೆ ಒಂದೊಂದು ಸಂಸಾರ. ಹೊರೆ ಹೊರುವವರು, ಹೂ ಕಟ್ಟುವವರು, ಹಳ್ಳಿಯಿಂದ ಸೊಪ್ಪು ತರುವವರು ಬೇರೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ, ಇವು ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಬೆಳೆಯುವ ಹೊಲಕ್ಕೂ ಕೊಳ್ಳುವ ಮನೆಗೂ ನಡುವಿನ ಸೇತುವೆ ಇಂಥ ಮಾರುಕಟ್ಟೆಯೇ. ಹೊಲ ಉಳಿದು ಸೇತುವೆ ಹೋದರೆ ಬೆಳೆಗಾರನ ಗತಿಯೇನು?

ವರ್ತಕರ ಮನಸ್ಸಿನ ಅಳುಕು ಇರುವುದೂ ಇಲ್ಲಿಯೇ. “ಎರಡು ವರ್ಷ ಬೇರೆಡೆಗೆ ಹೋಗಿರಿ, ಕಟ್ಟಿದ ಮೇಲೆ ಬನ್ನಿರಿ” ಎಂಬ ಮಾತು ಕಿವಿಗೆ ಹಿತವಾಗಿಯೇ ಇರುತ್ತದೆ. ಆದರೆ ಹೂವಿನ ವ್ಯಾಪಾರಕ್ಕೆ ಎರಡು ವರ್ಷವೆಂದರೆ ಒಂದು ಆಯುಷ್ಯ. ಗಿರಾಕಿ ದಾರಿ ಬದಲಿಸುತ್ತಾನೆ. ಮರಳಿ ಬಂದಾಗ ಬಾಡಿಗೆ ಎಷ್ಟು, ಮಳಿಗೆ ನೆಲಮಟ್ಟದಲ್ಲೋ ಎರಡನೆಯ ಅಂತಸ್ತಿನಲ್ಲೋ? ಕೈಚೀಲ ಹಿಡಿದ ಗೃಹಿಣಿ ಕಟ್ಟು ಸೊಪ್ಪಿಗೆಂದು ಎರಡು ಅಂತಸ್ತು ಹತ್ತುವುದಿಲ್ಲ. ನಕ್ಷೆ ಬರೆಯುವವರು ಈ ಸಣ್ಣ ಸತ್ಯವನ್ನು ಮರೆತಾಗ ಮೇಲಿನ ಮಳಿಗೆಗಳು ಗೋದಾಮುಗಳಾಗುತ್ತವೆ. ಮಾರುವವರು ಮತ್ತೆ ಬೀದಿಗೆ ಇಳಿಯುತ್ತಾರೆ.

ಇನ್ನೊಂದು ಕಡೆಯ ತಪ್ಪನ್ನೂ ಹೇಳಬೇಕು. ಕಾಪಾಡುವ ಹೆಸರಿನಲ್ಲಿಯೂ ಬದುಕು ಕಳೆದುಹೋಗಬಹುದು. ಹಂಪೆ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಿರೂಪಾಕ್ಷ ದೇಗುಲದ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಸಂಸಾರಗಳು ನೆಲೆಸಿ, ಅಂಗಡಿಗಳನ್ನಿಟ್ಟುಕೊಂಡು ಯಾತ್ರಿಕರಿಗೆ ಬೇಕಾದುದನ್ನು ಮಾರುತ್ತಿದ್ದವು. 2011ರ ಜುಲೈಯಲ್ಲಿ ಅವರನ್ನು ತೆರವು ಮಾಡಿಸಿದರು. ಮಂಟಪಗಳಿಗೆ ಹಾನಿಯಾಗುತ್ತಿದ್ದುದು ನಿಜ. ರಕ್ಷಣೆ ಬೇಕಾಗಿದ್ದುದೂ ನಿಜ. ಆದರೂ ಬದುಕಿದ್ದ ಬೀದಿ ಬರಿದಾದ ನೋಟವನ್ನು ಕಂಡವರು ಮರೆಯಲಾರರು. ಹೊಸತನದ ಅತ್ಯಾಸೆಯೂ ಹಳತನದ ಅತ್ಯಾಸೆಯೂ ಬಡವನ ಪಾಲಿಗೆ ಒಂದೇ ಫಲವನ್ನು ಕೊಡಬಲ್ಲವು.

ಹೊಸದಕ್ಕೆ ಎಡೆ ಎಲ್ಲಿ?

ಹಾಗಾದರೆ ನಗರ ಬೆಳೆಯಬಾರದೇ? ಬೆಳೆಯಬೇಕು. ವಾಹನ ನಿಲ್ಲಲು ಜಾಗ, ಶುಚಿಯಾದ ಶೌಚಾಲಯ, ಬೆಂಕಿ ಆರಿಸುವ ವ್ಯವಸ್ಥೆ, ಸರಿಯಾದ ಚರಂಡಿ, ತಂಪುಕೋಣೆ, ಇವೆಲ್ಲ ಇಂದಿನ ಮಾರುಕಟ್ಟೆಗೆ ಬೇಕೇ ಬೇಕು. ಬೆಂಗಳೂರಿನ ರಸೆಲ್ ಮಾರುಕಟ್ಟೆಯಲ್ಲಿ 2012ರಲ್ಲಿ ಬೆಂಕಿ ಬಿದ್ದುದನ್ನು ನೆನೆದರೆ ಈ ಮಾತಿನ ತೂಕ ತಿಳಿಯುತ್ತದೆ. ಹೊಸದಕ್ಕೆ ಹಳೆಯದನ್ನು ಬಲಿಗೊಡಲೇಬೇಕೇ ಎಂಬುದು ಮಾತ್ರ ಪ್ರಶ್ನೆ. ನಮ್ಮ ನಾಡಿನ ಅನುಭವವೇ ಬೇರೆ ದಾರಿಗಳನ್ನು ತೋರಿಸಿದೆ.

ಮೊದಲನೆಯದು, ಪಕ್ಕದಲ್ಲಿ ಬೆಳೆಯುವ ದಾರಿ. 1898ರ ಪ್ಲೇಗಿನ ಬಳಿಕ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಎದ್ದವು. ಮೈಸೂರಿನಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿ ಹೊಸ ಬಡಾವಣೆಗಳು ಹಬ್ಬಿದವು. ಇಕ್ಕಟ್ಟಿನ ಕೆಲವು ಭಾಗಗಳನ್ನು ಆರೋಗ್ಯಕ್ಕಾಗಿ ತೆರವು ಮಾಡಿದ್ದುಂಟು; ಆದರೆ ಬೆಳವಣಿಗೆಯ ಹೆಚ್ಚಿನ ಭಾರವನ್ನು ಹೊರವಲಯ ಹೊತ್ತಿತು, ಹಳೆಯ ಪೇಟೆ ಪೇಟೆಯಾಗಿಯೇ ಉಳಿಯಿತು.

ಎರಡನೆಯದು, ಹಳೆಯ ಕಟ್ಟಡಕ್ಕೆ ಕೆಲಸ ಕೊಡುವ ದಾರಿ. ಬೆಂಗಳೂರಿನ ಕೆಂಪು ಬಣ್ಣದ ಅಠಾರಾ ಕಚೇರಿ 1868ರಲ್ಲಿ ಪೂರ್ಣಗೊಂಡದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಪ್ರಸ್ತಾಪ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡ ಉಳಿಯಿತು; ಅದಾದ ಮೇಲೂ ದಶಕಗಳ ಕಾಲ ಹೈಕೋರ್ಟು ಅಲ್ಲಿಯೇ ನ್ಯಾಯದಾನ ಮಾಡಿತು. ಇಂದು ವಿಧಾನಸೌಧದ ಎದುರಿಗೆ ಆ ಕೆಂಪು ಕಂಬಗಳಿಲ್ಲದ ಬೆಂಗಳೂರನ್ನು ಊಹಿಸಿಕೊಳ್ಳಲಾಗುವುದೇ? ಬಳಕೆಯಲ್ಲಿರುವ ಕಟ್ಟಡವನ್ನು ಯಾರಾದರೂ ಗುಡಿಸುತ್ತಾರೆ, ಸೋರಿದರೆ ಕೂಗುತ್ತಾರೆ. ಬೀಗ ಹಾಕಿದ ಕಟ್ಟಡಕ್ಕೆ ಆ ಭಾಗ್ಯವಿಲ್ಲ.

ಮೂರನೆಯದು, ಕಾನೂನಿನ ದಾರಿ. ಕೇಂದ್ರ ಸರ್ಕಾರದ ರಕ್ಷಣೆಯುಳ್ಳ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ; ಅದರಾಚೆಯ 200 ಮೀಟರು ನಿಯಂತ್ರಿತ ವಲಯ. ಇದು 2010ರ ತಿದ್ದುಪಡಿಯಿಂದ ಬಂದ ಬಿಗಿ. ಆದರೆ ಜನ ಬಾಳುವ, ವ್ಯಾಪಾರ ನಡೆಯುವ ಪೇಟೆಗಳಿಗೆ ಈ ಅಳತೆಗೋಲು ಹೊಂದುವುದಿಲ್ಲ. ಅಲ್ಲಿಗೆ ನಗರದ್ದೇ ಆದ ನಿಯಮ ಬೇಕು. ಮುಂಬಯಿ 1995ರಲ್ಲಿಯೇ ಇಂಥ ಪರಂಪರಾ ನಿಯಮಗಳನ್ನು ತಂದಿತು. ಕಟ್ಟಡಗಳನ್ನು ಅವುಗಳ ಮಹತ್ವಕ್ಕೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸಿ, ಯಾವುದರಲ್ಲಿ ಎಷ್ಟು ಬದಲಾವಣೆ ಸಲ್ಲುವುದೆಂದು ಗೊತ್ತುಪಡಿಸಿತು.

ಅದರೊಡನೆ ಒಂದು ಜಾಣ ಉಪಾಯವೂ ಇದೆ. ಪೇಟೆಯ ನಡುವೆ ಹಳೆಯ ಎರಡಂತಸ್ತಿನ ಮನೆಯುಳ್ಳವನಿಗೆ ಅದೇ ನಿವೇಶನದಲ್ಲಿ ಐದಂತಸ್ತು ಕಟ್ಟುವ ಅವಕಾಶವಿತ್ತೆಂದು ಭಾವಿಸೋಣ. ಊರಿನ ಹಿತಕ್ಕಾಗಿ ಕಟ್ಟಬೇಡವೆಂದರೆ ನಷ್ಟ ಅವನೊಬ್ಬನದು. ಆದ್ದರಿಂದ ಆ ಉಳಿದ ಮೂರಂತಸ್ತಿನ ಹಕ್ಕನ್ನು ಅವನು ನಗರದ ಬೇರೆಡೆ ಕಟ್ಟುವವರಿಗೆ ಮಾರಬಹುದು; ಬಂದ ಹಣದಿಂದ ಹಳೆಯ ಮನೆಯನ್ನು ದುರಸ್ತಿ ಮಾಡಬಹುದು. ಅಭಿವೃದ್ಧಿ ಹಕ್ಕಿನ ವರ್ಗಾವಣೆಯೆಂದು ಇದಕ್ಕೆ ಹೆಸರು. ಮುಂಬಯಿಯಲ್ಲಿಯೂ ಅಹಮದಾಬಾದಿನ ಹಳೆಯ ಕೋಟೆಯೊಳಗಿನ ಮರದ ಮನೆಗಳಿಗೂ ಈ ಕ್ರಮ ಬಳಕೆಗೆ ಬಂದಿತು. 2017ರಲ್ಲಿ ಆ ಅಹಮದಾಬಾದು ಭಾರತದ ಮೊದಲ ವಿಶ್ವಪರಂಪರಾ ನಗರವಾಯಿತು. ಉಳಿಸುವವನ ಮೇಲೆಯೇ ಎಲ್ಲ ಹೊರೆ ಹಾಕದೆ ಊರೇ ಹಂಚಿಕೊಳ್ಳುವ ಕ್ರಮವಿದು. ದಾಸೋಹದ ಅರ್ಥ ಬಲ್ಲ ನಮಗೆ ಇದರ ನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕೈಯಲ್ಲಿರುವುದು

ಇಷ್ಟೆಲ್ಲ ಹೇಳಿದ ಮೇಲೆ ಓದುಗ ಬಂಧುಗಳು ಕೇಳಬಹುದು: ಸರ್ಕಾರ, ನ್ಯಾಯಾಲಯಗಳ ವಿಷಯದಲ್ಲಿ ನಾವೇನು ಮಾಡಬಲ್ಲೆವು? ಮಾಡಬಹುದಾದುದು ಬಹಳವಿದೆ. ನಮ್ಮ ಸಮಾಜದಲ್ಲಿ ಪೇಟೆಯ ವರ್ತಕರಿದ್ದಾರೆ, ನಗರಸಭೆಯ ಸದಸ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ತೊಟ್ಟಿಮನೆಗಳ ಒಡೆಯರಿದ್ದಾರೆ. ಹಳೆಯ ಕಟ್ಟಡವೊಂದನ್ನು ಕೆಡವುವ ಮಾತು ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಸುಣ್ಣದ ಕಟ್ಟಡವನ್ನು ಬಲ್ಲವರು ಇದನ್ನು ನೋಡಿದ್ದಾರೆಯೇ? ಇಡಿಯಾಗಿ ಕೆಟ್ಟಿದೆಯೋ, ಒಂದು ಭಾಗ ಮಾತ್ರವೋ? ಇಲ್ಲಿ ದುಡಿಯುವವರಿಗೆ ಮರಳಿ ಬರುವ ಹಕ್ಕನ್ನು ಬರಹದಲ್ಲಿ ಕೊಟ್ಟಿದ್ದಾರೆಯೇ? ಹೊಸದನ್ನು ಕಟ್ಟಿದ ಮೇಲೆ ಅದರ ವಾರ್ಷಿಕ ದುರಸ್ತಿಗೆ ಹಣ ಯಾರದು? ಈ ನಾಲ್ಕಕ್ಕೂ ತೃಪ್ತಿಕರ ಉತ್ತರ ಬಂದ ಮೇಲೂ ಕೆಡವುವುದೇ ಸರಿಯೆಂದು ತೋರಿದರೆ ಕೆಡವಲಿ. ಆಗ ಅದು ವಿವೇಕದ ನಿರ್ಧಾರ. ಅಪಾಯವಿದೆಯೆಂದು ತಿಳಿದ ದಿನವೇ ಜನರನ್ನು ಅಲ್ಲಿಂದ ಸರಿಸಿ ಮರದ ಆಸರೆ ಕೊಡುವುದು ಮಾತ್ರ ಯಾವ ಪ್ರಶ್ನೆಗೂ ಕಾಯತಕ್ಕದ್ದಲ್ಲ.

ಮನೆಯ ಮಟ್ಟಿಗೂ ಅಷ್ಟೇ. ಯುಗಾದಿ ಕಳೆದು ಮುಂಗಾರು ಬರುವುದರೊಳಗೆ ತಾರಸಿ ಹತ್ತಿರಿ. ದೋಣಿಯ ಕಸ ತೆಗೆಯಿರಿ, ಅರಳಿ ಸಸಿಯನ್ನು ಬೇರುಸಹಿತ ಕೀಳಿರಿ, ಒಡೆದ ಹೆಂಚನ್ನು ಬದಲಿಸಿರಿ, ತೊಲೆಯ ತುದಿಯನ್ನು ತಟ್ಟಿ ನೋಡಿರಿ. ಸುಣ್ಣದ ಗೋಡೆಗೆ ಸುಣ್ಣವನ್ನೇ ಬಳಿಯಿರಿ. ಮೊಮ್ಮಗನಿಗೆ ಕೋಣೆ ಬೇಕಾದರೆ ಹಿತ್ತಿಲಿನಲ್ಲಿ ಕಟ್ಟಿರಿ. ಪಡಸಾಲೆ ಮುಂದೆ ಇರಲಿ. ಮಗನ ಬಯಕೆಯೂ ತಾಯಿಯ ಬಯಕೆಯೂ ಒಂದೇ ಸೂರಿನಡಿ ನಿಲ್ಲಬಲ್ಲವು.

ಪ್ರತಿವರ್ಷ ವಿಜಯದಶಮಿಯಂದು ಜಂಬೂಸವಾರಿ ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಮಾರುಕಟ್ಟೆಯ ಪಕ್ಕದಲ್ಲಿಯೇ ಸಾಗಿ ಬನ್ನಿಮಂಟಪವನ್ನು ಸೇರುತ್ತದೆ. ಲಕ್ಷಾಂತರ ಕಣ್ಣುಗಳು ಅಂಬಾರಿಯನ್ನು ನೋಡುತ್ತವೆ. ಅಂದು ಅಲ್ಲಿರುವವರು ಒಂದು ಕ್ಷಣ ಕಣ್ಣು ತಿರುಗಿಸಿ ಮಾರುಕಟ್ಟೆಯ ತಾರಸಿಯತ್ತಲೂ ನೋಡಲಿ. ಅಲ್ಲಿ ಒಂದು ಅರಳಿ ಸಸಿ ಚಿಗುರಿದ್ದರೆ, ಮರುದಿನವೇ ನಗರಪಾಲಿಕೆಗೆ ಒಂದು ಕಾಗದ ಬರೆಯಲಿ. ಊರನ್ನು ಉಳಿಸುವ ಕೆಲಸ ಅಲ್ಲಿಂದ ಮೊದಲಾಗುತ್ತದೆ.